ಎರಡು ಅವ್ಯಕ್ತಗಳ ಲೆಕ್ಕ

ನಮ್ಮ ವಿದ್ಯಾರ್ಥಿನಿಯರಲ್ಲಿ ಅನೇಕರು ಸಮೀಕರಣಗಳನ್ನು ಬಿಡಿಸುವುದರಲ್ಲಿ ಚುರುಕಾಗಿದ್ದರೂ, ಅದೇ ಲೆಕ್ಕವು ವಾಕ್ಯರೂಪವಾಗಿ ಬಂದೊಡನೆ ಹೆದರಿ ಲೇಖನಿಯನ್ನು ಕೆಳಗಿಡುವರು. "ಹೆಣ್ಣುಮಕ್ಕಳಿಗೆ ಬೀಜಗಣಿತವೇತಕ್ಕೆ?" ಎಂದು ಕೇಳುವ ತಂದೆತಾಯಿಗಳೂ ಇಲ್ಲದಿಲ್ಲ. ಇಬ್ಬರಿಗೂ ಒಂದೇ ಉದಾಹರಣೆಯಿಂದ ಉತ್ತರ ಹೇಳಬಯಸುತ್ತೇವೆ.

ಆ ಉದಾಹರಣೆಯು ನಮ್ಮ ನಾಡಿನದೇ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ. ಶ. 850ರಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಇಂಥದೊಂದು ಪ್ರಶ್ನೆಯುಂಟು. ಅದರ ಸಾರವಿದು: 9 ಮಾದಳದ ಹಣ್ಣುಗಳಿಗೂ 7 ಬೇಲದ ಹಣ್ಣುಗಳಿಗೂ ಕೂಡಿ ಬೆಲೆ 107, 7 ಮಾದಳಕ್ಕೂ 9 ಬೇಲಕ್ಕೂ ಕೂಡಿ 101. ಒಂದೊಂದರ ಬೆಲೆಯೆಷ್ಟು?

ಕೇಳಿರುವುದೇನೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಒಂದು ಮಾದಳದ ಬೆಲೆ 'ಮ', ಒಂದು ಬೇಲದ ಬೆಲೆ 'ಬ' ಎಂದಿರಲಿ. ಅಕ್ಷರವು ಹಣ್ಣಿನ ಹೆಸರಲ್ಲ, ಬೆಲೆಯ ಸಂಖ್ಯೆ. ಮಕ್ಕಳು ಹೆಚ್ಚಾಗಿ ಎಡವುವುದು ಇಲ್ಲಿಯೇ. ಬಳಿಕ ಒಂದೊಂದು ವಾಕ್ಯವನ್ನು ಒಂದೊಂದು ಸಮೀಕರಣವಾಗಿ ಬರೆಯಬೇಕು:

9ಮ + 7ಬ = 107
7ಮ + 9ಬ = 101

ಇವೆರಡನ್ನೂ ಕೂಡಿಸಿದರೆ 16ಮ + 16ಬ = 208; ಆದುದರಿಂದ ಮ + ಬ = 13. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ 2ಮ − 2ಬ = 6; ಆದುದರಿಂದ ಮ − ಬ = 3. ಈ ಎರಡನ್ನು ಮತ್ತೆ ಕೂಡಿಸಲು 2ಮ = 16; ಎಂದರೆ ಮ = 8, ಬ = 5. ಸಂಖ್ಯೆಗಳು ಹೀಗೆ ಅದಲುಬದಲಾಗಿ ಬಾರದ ಲೆಕ್ಕಗಳಲ್ಲಿ, ತಕ್ಕ ಸಂಖ್ಯೆಗಳಿಂದ ಗುಣಿಸಿ ಒಂದು ಅವ್ಯಕ್ತವನ್ನು ಎರಡರಲ್ಲಿಯೂ ಸಮಮಾಡಿ ಕಳೆಯತಕ್ಕದ್ದು.

ಇಷ್ಟಕ್ಕೇ ನಿಲ್ಲಬಾರದು. ಸಮೀಕರಣವನ್ನೇ ತಪ್ಪಾಗಿ ಬರೆದಿದ್ದರೆ ಅದರಲ್ಲಿ ತಾಳೆನೋಡಿ ಪ್ರಯೋಜನವಿಲ್ಲ. ಉತ್ತರವನ್ನು ಪ್ರಶ್ನೆಯ ಮಾತುಗಳಲ್ಲಿಯೇ ಇಟ್ಟು ನೋಡಬೇಕು: 72 + 35 = 107; 56 + 45 = 101. ಸರಿಯಾಯಿತು.

ಇನ್ನೊಂದು ಮಾತು. ಎರಡು ಅವ್ಯಕ್ತಗಳಿಗೆ ಎರಡು ಬೇರೆ ಬೇರೆ ಸಂಗತಿಗಳು ಬೇಕು. ಎರಡನೆಯ ವಾಕ್ಯವು "18 ಮಾದಳಕ್ಕೂ 14 ಬೇಲಕ್ಕೂ 214" ಎಂದಿದ್ದರೆ, ಅದು ಮೊದಲನೆಯದರ ಇಮ್ಮಡಿಯೇ ಹೊರತು ಹೊಸ ಸಂಗತಿಯಲ್ಲ, ಬೆಲೆಯು ತಿಳಿಯದು. ಅದೇ ದರದಲ್ಲಿ 200 ಎಂದಿದ್ದರೆ, ಎರಡು ಮಾತುಗಳೂ ಒಟ್ಟಿಗೆ ನಿಜವಾಗಲಾರವು.

ಬೀಜಗಣಿತದಿಂದ ಹೆಣ್ಣುಮಕ್ಕಳಿಗೇನು ಲಾಭವೆಂಬುದಕ್ಕೆ ಇದೇ ನಮ್ಮ ಉತ್ತರ. ಹೇಳಿದ ಮಾತಿನಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ, ಯಾವ ಮಾತು ಯಾವುದಕ್ಕೆ ಹೊಂದುವುದಿಲ್ಲ ಎಂಬುದನ್ನು ತೂಗಿನೋಡಬಲ್ಲವಳು ಅಂಗಡಿಯ ಲೆಕ್ಕದಲ್ಲಾಗಲಿ, ಸಾಲದ ಪತ್ರದಲ್ಲಾಗಲಿ ಸುಲಭವಾಗಿ ಮೋಸಹೋಗಳು. ಆದುದರಿಂದ, ತಾಯಂದಿರೇ, ಮಗಳು ಮನೆಯಲ್ಲಿ ಲೆಕ್ಕಮಾಡುವಾಗ "ಉತ್ತರ ಬಂತೇ?" ಎಂದು ಅವಸರಪಡಿಸದೆ, "ಈ ಅಕ್ಷರ ಯಾವುದರ ಬೆಲೆಯಮ್ಮಾ?" ಎಂದು ಕೇಳಿರಿ. ಅದನ್ನು ಹೇಳಬಲ್ಲವಳಿಗೆ ಅರ್ಧ ಲೆಕ್ಕವು ಆಗಲೇ ಮುಗಿದಂತೆ.