ಪರಸ್ಥಳದಲ್ಲೊಬ್ಬ ಗೆಳತಿ: ಪ್ರೇಮಾ ಕಾರಂತರ ಸ್ಮರಣೆ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮವರಲ್ಲಿ ಯಾರನ್ನೇ ಕೇಳಿ ನೋಡಿರಿ. ಮೊದಲು ಕೆಲಸ ಕೊಟ್ಟ ಧಣಿಯ ಹೆಸರನ್ನು ಹೇಳುತ್ತಾರೆ. ರಾತ್ರಿಶಾಲೆಗೆ ಸೇರಿಸಿಕೊಂಡ ಮಾಸ್ತರರನ್ನು ನೆನೆಯುತ್ತಾರೆ. ತನ್ನ ಸಂಬಳವನ್ನು ಒಲೆಗೂ ಬಾಡಿಗೆಗೂ ಸುರಿದು, ನಮ್ಮನ್ನು ಓದಲು ಬಿಟ್ಟ ಹೆಣ್ಣುಮಗಳ ಹೆಸರು ಮಾತ್ರ ತಡವಾಗಿ ಹೊರಬರುತ್ತದೆ. ರಂಗಭೂಮಿಯ ಬಿ. ವಿ. ಕಾರಂತರ ಕಥೆಯನ್ನು ಹೇಳುವಾಗಲೂ ಬಹುಮಟ್ಟಿಗೆ ಹೀಗೆಯೇ ಆಗುತ್ತ ಬಂದಿದೆ.

ಕಾರಂತರ ಪೂರ್ವಕಥೆ ವಾಚಕರಲ್ಲಿ ಅನೇಕರಿಗೆ ತಮ್ಮದೇ ಕಥೆಯಂತೆ ತೋರಬಹುದು. ದಕ್ಷಿಣ ಕನ್ನಡದ ಬಂಟವಾಳದ ಸೀಮೆಯ ಮಂಚಿ ಎಂಬ ಹಳ್ಳಿಯಲ್ಲಿ 1929ರಲ್ಲಿ ಜನಿಸಿದ ಈ ಹುಡುಗ, ಮನೆಯಲ್ಲಿ ಹೇಳದೆ ಓಡಿಹೋಗಿ ಗುಬ್ಬಿ ಕಂಪೆನಿಯನ್ನು ಸೇರಿದನು. ಹುಡುಗನಲ್ಲಿದ್ದ ಕಸುವನ್ನು ಗುರುತಿಸಿದ ಗುಬ್ಬಿ ವೀರಣ್ಣನವರು ಮುಂದೆ ಅವರನ್ನು ಉಚ್ಚ ಶಿಕ್ಷಣಕ್ಕಾಗಿ ಕಾಶಿಗೆ ಕಳುಹಿಸಿದರು. ವೀರಣ್ಣನವರ ಈ ಔದಾರ್ಯವನ್ನು ಕನ್ನಡಿಗರು ಮರೆತಿಲ್ಲ, ಮರೆಯಬಾರದು ಕೂಡ. ಆದರೆ ಅದು ಕಥೆಯ ಅರ್ಧಭಾಗ ಮಾತ್ರ.

ಕಾಶಿ ಕನ್ನಡಿಗರಿಗೆ ಹೊಸತಲ್ಲ. ಅಲ್ಲಿ ಜಂಗಮವಾಡಿ ಮಠವಿದೆ. 1916ರಲ್ಲಿ ಸ್ಥಾಪನೆಯಾದ ಹಿಂದೂ ವಿಶ್ವವಿದ್ಯಾಲಯದ ಪ್ರಥಮ ಕುಲಾಧಿಪತಿಗಳು ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರೇ ಆಗಿದ್ದರು. ಹೀಗಿದ್ದರೂ ಯಾತ್ರೆಗೆಂದು ಹೋಗಿ ಗಂಗೆಯಲ್ಲಿ ಮುಳುಗೆದ್ದು ಬರುವುದು ಬೇರೆ, ಅಲ್ಲಿ ನೆಲಸುವುದು ಬೇರೆ. ಬೇಸಗೆಯಲ್ಲಿ ಮೈ ಸುಡುವ ‘ಲೂ’ ಗಾಳಿ, ಮಾಘದಲ್ಲಿ ಎಲುಬು ಕೊರೆಯುವ ಚಳಿ, ತೆಂಗಿನೆಣ್ಣೆಯ ಬದಲು ಸಾಸಿವೆಯೆಣ್ಣೆ. ಕಡಲತಡಿಯಲ್ಲಿ ಬೆಳೆದ ದೇಹಕ್ಕೆ ಇವೆಲ್ಲ ಸುಲಭವಾಗಿ ಒಗ್ಗುವವಲ್ಲ. ಅಂಥಲ್ಲಿ ಕಾರಂತರು ಆಚಾರ್ಯ ಹಜಾರೀಪ್ರಸಾದ ದ್ವಿವೇದಿಯವರ ಶಿಷ್ಯರಾಗಿ ಹಿಂದಿಯ ಉನ್ನತ ವ್ಯಾಸಂಗವನ್ನು ಮಾಡಿದರು. ಪಂಡಿತ ಓಂಕಾರನಾಥ ಠಾಕೂರರಿಂದ ಹಿಂದೂಸ್ಥಾನೀ ಸಂಗೀತವನ್ನು ಕಲಿತರು.

ಈ ಕಾಶೀವಾಸದಲ್ಲಿ ಅವರಿಗೆ ಜೊತೆಯಾದವರು ಪ್ರೇಮಾ. ಮದುವೆಯಾಗಿ ಅಲ್ಲಿಗೆ ತೆರಳಿದ ಅವರು ಗಂಡನ ವ್ಯಾಸಂಗ ಮುಗಿಯಲೆಂದು ದಿನ ಎಣಿಸುತ್ತ ಕೂಡಲಿಲ್ಲ. ಅದೇ ವಿಶ್ವವಿದ್ಯಾಲಯದಲ್ಲಿ ಓದಿ ತಾವೂ ಬಿ.ಎ. ಪದವಿಯನ್ನು ಪಡೆದರು. ಒಂದೇ ಸೂರಿನಡಿಯಲ್ಲಿ ಇಬ್ಬರು ವಿದ್ಯಾರ್ಥಿಗಳು! ಹೆಂಡತಿ ಎಂಬ ಶಬ್ದಕ್ಕಿಂತ ಗೆಳತಿ ಎಂಬ ಶಬ್ದವೇ ಇಲ್ಲಿ ಹೆಚ್ಚು ಒಪ್ಪುವುದೆಂದು ನಮಗೆ ಅನ್ನಿಸುತ್ತದೆ. ಪರಸ್ಥಳದಲ್ಲಿ ಹಸಿವೆಗಿಂತಲೂ ಮನುಷ್ಯನನ್ನು ಹೆಚ್ಚು ಕುಗ್ಗಿಸುವುದು ಮಾತಿಲ್ಲದ ಸಂಜೆ. ಸಂಜೆ ಹಿಂದಿರುಗಿದಾಗ ತನ್ನ ನುಡಿಯಲ್ಲಿ ಮಾತಾಡುವ, ಅಂದಿನ ಪಾಠವೇನೆಂದು ಕೇಳಿ ತಿಳಿಯಬಲ್ಲ ಜೀವವೊಂದು ಮನೆಯಲ್ಲಿರುವುದೆಂದರೆ ಅದು ಎಷ್ಟು ದೊಡ್ಡ ಭಾಗ್ಯವೆಂಬುದನ್ನು ಹೋಟೆಲಿನ ಅಟ್ಟದ ಮೇಲೆ ಚಾಪೆ ಹಾಸಿ ಮಲಗಿದವರಿಗೆ ವಿವರಿಸಬೇಕಾಗಿಲ್ಲ.

ನಿಜವಾದ ಭಾರ ಬಿದ್ದದ್ದು ಕಾಶಿಯಿಂದ ದಿಲ್ಲಿಗೆ ಹೋದ ಮೇಲೆ. ರಾಷ್ಟ್ರೀಯ ನಾಟಕ ಶಾಲೆ ಆರಂಭವಾದದ್ದು 1959ರಲ್ಲಿ. ಅಲ್ಲಿಯ ತರಬೇತಿಗೆ ಮೂರು ವರ್ಷಗಳು ಬೇಕು. ನಾಟಕ ಕಲಿತವನಿಗೆ ಆಮೇಲೆ ಯಾವ ನೌಕರಿ ಸಿಕ್ಕೀತೆಂದು ಆಗ ಹೇಳಬಲ್ಲವರು ಯಾರಿದ್ದರು? ಸಂಸಾರಸ್ಥನಾದವನಿಗೆ ನಾಲ್ಕು ಜನ ಹಿತೈಷಿಗಳು ಹೇಳುವ ಬುದ್ಧಿವಾದ ನಮಗೆಲ್ಲ ಗೊತ್ತಿದ್ದದ್ದೇ. ಪ್ರೇಮಾ ಅವರು ಅಧ್ಯಾಪಿಕೆಯ ಕೆಲಸವನ್ನು ಹಿಡಿದರು. ಕಾರಂತರು ನಾಟಕ ಶಾಲೆಯನ್ನು ಸೇರಿದರು. 1962ರಲ್ಲಿ ಅವರು ಅಲ್ಲಿಂದ ಪದವೀಧರರಾಗಿ ಹೊರಬಂದರು. ಮುಂದೆ 1977ರಿಂದ 1981ರವರೆಗೆ ಅದೇ ಶಾಲೆಯ ನಿರ್ದೇಶಕರಾದರು; 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದರು. ‘ಚೋಮನ ದುಡಿ’ಯ ನಿರ್ದೇಶಕರೆಂದು ಅವರನ್ನು ನಾಡೆಲ್ಲ ಬಲ್ಲದು. ಆ ಮೂರು ವರ್ಷಗಳ ಮನೆಯ ಲೆಕ್ಕದ ಪುಸ್ತಕವನ್ನು ಮಾತ್ರ ಯಾರೂ ಸನ್ಮಾನ ಸಮಾರಂಭಗಳಲ್ಲಿ ಓದಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಇದು ತ್ಯಾಗಮಯಿ ಪತ್ನಿಯೊಬ್ಬಳ ಕಥೆಯಾಗುತ್ತಿತ್ತು. ಅಂಥ ಕಥೆಗಳನ್ನು ಹೇಳಿ ಕಣ್ಣೊರೆಸಿಕೊಳ್ಳುವ ಅಭ್ಯಾಸ ನಮ್ಮ ಗಂಡಸರಿಗೆ ಬೇಕಾದಷ್ಟಿದೆ. ಪ್ರೇಮಾ ಅವರು ಅದಕ್ಕೆ ಅವಕಾಶ ಕೊಡಲಿಲ್ಲ. ಪತಿಯ ತರಬೇತಿ ಮುಗಿದ ಮೇಲೆ ಸರದಿ ಬದಲಾಯಿತು: ಅವರೂ ಅದೇ ನಾಟಕ ಶಾಲೆಯನ್ನು ಸೇರಿ ಡಿಪ್ಲೊಮಾ ಪಡೆದರು. ಬೆಂಗಳೂರಿನ ‘ಬೆನಕ’ ನಾಟಕ ತಂಡದಲ್ಲಿ ವಸ್ತ್ರವಿನ್ಯಾಸದಿಂದ ಹಿಡಿದು ನಿರ್ದೇಶನದವರೆಗೆ ದುಡಿದರು. ಮಕ್ಕಳಿಗಾಗಿ ನಾಟಕಗಳನ್ನು ಆಡಿಸಿದರು. ‘ಬೆನಕ’ ಎಂದರೆ ಬೆಂಗಳೂರು ನಗರ ಕಲಾವಿದರು ಎಂದು ಅರ್ಥ. ಹೊಸಬರು ಗಣಪತಿಯ ಹೆಸರೆಂದಷ್ಟೇ ತಿಳಿಯುವುದುಂಟು.

ಕಾರಂತರು 2002ರಲ್ಲಿಯೂ ಪ್ರೇಮಾ ಅವರು 2007ರಲ್ಲಿಯೂ ತೀರಿಕೊಂಡರು. ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿ ಪ್ರೇಮಾ ಅವರು ನಿರ್ದೇಶಿಸಿದ ‘ಫಣಿಯಮ್ಮ’ ಚಿತ್ರಕ್ಕೆ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಲಭಿಸಿತು. ಬಾಲ್ಯದಲ್ಲಿಯೇ ವಿಧವೆಯಾದ ಹೆಣ್ಣೊಬ್ಬಳು ಯಾರನ್ನೂ ಬೇಡದೆ, ಊರಿನವರ ಕಷ್ಟಕ್ಕೆಲ್ಲ ಒದಗುತ್ತ ಬಾಳಿದ ಕಥೆ ಅದು.