ಗಾಡಿ ಕೆಟ್ಟಾಗ ಮೈ ಕೆಡದಿರಲಿ

ಕಳೆದ ಬೇಸಿಗೆಯ ಒಂದು ಸಂಜೆ ಯುವಕನೊಬ್ಬ ಕೆಮ್ಮುತ್ತ, ಏದುಸಿರು ಬಿಡುತ್ತ ನನ್ನ ಬಳಿ ಬಂದ. ಮೈ ಬಿಸಿಯಾಗಿತ್ತು. 'ನೆಗಡಿ ಎಷ್ಟು ದಿನದಿಂದ?' ಎಂದು ಕೇಳಿದೆ. 'ನೆಗಡಿ ಇಲ್ರಿ ಡಾಕ್ಟ್ರೆ, ಫಟಫಟಿ ಕೆಟ್ಟಿತ್ರಿ' ಎಂದ!

ಬೆಳಿಗ್ಗೆ ಗೆಳೆಯರೊಡನೆ ಹಳೆಯ ಮೋಟರ್‌ಸೈಕಲ್ ಏರಿ ಚಂದ್ರಂಪಳ್ಳಿ ಜಲಾಶಯ ನೋಡಲು ಹೊರಟಿದ್ದನಂತೆ. ಕೊಡ್ಲಿ ತಲುಪುವಷ್ಟರಲ್ಲಿ ಗಾಡಿ ಮೂರನೆಯ ಸಲ ನಿಂತಿತು. ಟ್ಯಾಂಕ್ ಖಾಲಿ ಮಾಡಲು ಕೊಳವೆ ಇಳಿಬಿಟ್ಟು ಬಾಯಿಂದ ಪೆಟ್ರೋಲ್ ಎಳೆದ. ಗುಟುಕು ಗಂಟಲಿಗಿಳಿದು, ಕೆಮ್ಮು ಬಂದು, ಒಂದಿಷ್ಟು ಶ್ವಾಸಕೋಶಕ್ಕೂ ಹೋಯಿತು. ಆತ ಕೆಲವು ದಿನ ಆಸ್ಪತ್ರೆಯಲ್ಲಿದ್ದು ಗುಣಮುಖನಾದ. ಗಾಡಿಗೆ ಆಗಿದ್ದೇನು? ಕಾರ್ಬ್ಯುರೇಟರಿನಲ್ಲಿ ಕಸ!

ಪದೇ ಪದೇ ರಿಪೇರಿಗೆ ಬರುವ ಗಾಡಿಯನ್ನು ಪ್ರೀತಿಯಿಂದ ಸಾಕುವವರು ನಮ್ಮಲ್ಲಿ ಅನೇಕರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳನ್ನು ಇಂದಿಗೂ ಓಡಿಸುವವರಿದ್ದಾರೆ. ಅಷ್ಟು ವಯಸ್ಸಾದ ಯಂತ್ರಕ್ಕೆ ಆಗಾಗ ಕಾಯಿಲೆ ಬರುವುದು ಸಹಜ. ಆದರೆ ಅದನ್ನು ಸರಿಪಡಿಸುವ ಅವಸರದಲ್ಲಿ ನಾವು ಕಾಯಿಲೆ ಬೀಳಬಾರದು.

ಪೆಟ್ರೋಲ್: ಬಾಯಿಂದ ಎಂದೂ ಎಳೆಯಬೇಡಿ. ಅಂಗಡಿಯಲ್ಲಿ ಸಿಗುವ ಕೈಪಂಪು ಬಳಸಿ. ಯಾರಾದರೂ ನುಂಗಿದರೆ ವಾಂತಿ ಮಾಡಿಸಬೇಡಿ. ಹೊಟ್ಟೆಯಲ್ಲಿರುವುದು ಮೇಲೆ ಬರುವಾಗ ಶ್ವಾಸಕೋಶ ಸೇರೀತು. ಕೆಮ್ಮು, ಉಬ್ಬಸ ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು. ಆದ್ದರಿಂದ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಕಿಕ್: ಇಗ್ನಿಷನ್ ಟೈಮಿಂಗ್ ತಪ್ಪಿದ್ದರೆ ಎಂಜಿನ್ ಹಿಮ್ಮುಖವಾಗಿ ತಿರುಗಿ ಕಿಕ್ಕರ್ ಕಾಲಿಗೇ ಒದೆಯುತ್ತದೆ. ಪಾದದ ಕೀಲು ಉಳುಕುತ್ತದೆ, ಮೂಳೆಯೂ ಮುರಿಯಬಹುದು. ಚಪ್ಪಲಿ ಬೇಡ, ಬೂಟು ಹಾಕಿ. ಹತ್ತು ಕಿಕ್ಕಿಗೂ ಸ್ಟಾರ್ಟ್ ಆಗದಿದ್ದರೆ ಹನ್ನೊಂದನೆಯದು ಬೇಡ. ಮೊದಲು ಪ್ಲಗ್ ನೋಡಿ.

ಸೈಲೆನ್ಸರ್: ಸುಟ್ಟ ಜಾಗದ ಮೇಲೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಿ, ಶುಭ್ರ ಬಟ್ಟೆ ಮುಚ್ಚಿ. ಟೂತ್‌ಪೇಸ್ಟ್, ಶಾಯಿ, ಅರಿಶಿನ ಹಚ್ಚಬೇಡಿ. ಗಾಯವಾದರೆ ಧನುರ್ವಾಯು ಚುಚ್ಚುಮದ್ದು ಬೇಕೇ ಎಂದು ವೈದ್ಯರನ್ನು ಕೇಳಿ.

ಹೊಗೆ: ಬಾಗಿಲು ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಿ ಪರೀಕ್ಷಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪ್ರಾಣ ತೆಗೆಯುವ ಶಕ್ತಿ ಮಾತ್ರ ಉಂಟು. ತಲೆನೋವು, ತಲೆಸುತ್ತು ಬಂದೊಡನೆ ಬಯಲಿಗೆ ಬನ್ನಿ, ವೈದ್ಯರನ್ನು ಕಾಣಿ.

ಬಿಸಿಲು: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ವಾಡಿಕೆ. ಅಂಥ ಬಿಸಿಲಲ್ಲಿ ಭಾರದ ಗಾಡಿ ತಳ್ಳಬೇಡಿ. ನೆರಳಿಗೆ ನಿಂತು ನೀರು, ಉಪ್ಪು ಬೆರೆಸಿದ ಮಜ್ಜಿಗೆ ಅಥವಾ ಓ.ಆರ್.ಎಸ್. ಕುಡಿಯಿರಿ. ತಳ್ಳುವಾಗ ಎದೆ ಹಿಡಿದಂತಾದರೆ, ನೋವು ಎಡಗೈಗೆ ಇಳಿದರೆ 'ಗ್ಯಾಸು' ಎಂದು ಸುಮ್ಮನಿರದೆ ತಕ್ಷಣ 108ಕ್ಕೆ ಫೋನ್ ಮಾಡಿ.

ಇನ್ನು ಮನಸ್ಸಿನ ಮಾತು. ಗಾಡಿ ಕೈಕೊಟ್ಟಾಗ ಸಿಟ್ಟು ಬರುವುದು ಸಹಜ. ಆದರೆ ಮೇಲೆ ಹೇಳಿದ ಅಪಾಯಗಳಿಗೆಲ್ಲ ಆ ಸಿಟ್ಟೇ ಬಾಗಿಲು ತೆರೆಯುತ್ತದೆ. ತಡವಾಯಿತೆಂದು ಆಮೇಲೆ ವೇಗವಾಗಿ ಓಡಿಸುವುದಂತೂ ಇನ್ನೂ ಅಪಾಯ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ರಿಪೇರಿಯ ದಿನಾಂಕ, ದೋಷ, ಖರ್ಚು ಬರೆದಿಡಿ. ಒಂದೇ ದೋಷ ಮರುಕಳಿಸುತ್ತಿದ್ದರೆ ಮೆಕ್ಯಾನಿಕ್‌ಗೆ ಅದನ್ನು ತೋರಿಸಿ. ನಾವು ವೈದ್ಯರು ಹಳೆಯ ಚೀಟಿ ಕೇಳುವುದೂ ಇದಕ್ಕೇ. ದೂರದ ಪ್ರಯಾಣಕ್ಕೆ ಹೊರಡುವ ಮುನ್ನ ಎರಡು ದಿನ ಊರಲ್ಲೇ ಓಡಿಸಿ ನೋಡಿ. ದಾರಿಯಲ್ಲಿ ಎರಡನೆಯ ಸಲ ನಿಂತರೆ ಪ್ರವಾಸ ಸಾಕು ಎಂದು ಮನೆಯಲ್ಲೇ ತೀರ್ಮಾನಿಸಿ ಹೊರಡಿ.

ಬಸ್ಸು ಹತ್ತಿ ಮನೆಗೆ ಮರಳುವುದು ಸೋಲಲ್ಲ. ಗಾಡಿಗೆ ಬಿಡಿಭಾಗ ಎಲ್ಲಾದರೂ ಹುಡುಕಿ ತರಬಹುದು. ಶ್ವಾಸಕೋಶಕ್ಕೆ ತರಲು ಅಂಗಡಿ ಎಲ್ಲಿದೆ?