ಕಿಟಕಿಯಲ್ಲಿ ಕಾಣದ ಮರಿಮೀನು

ಪೋರ್ಟ್‌ಲ್ಯಾಂಡಿಗೆ ಕೆಲಸಕ್ಕೆ ಬಂದ ಹೊಸದರಲ್ಲಿ ಮಗಳನ್ನು ಕರೆದುಕೊಂಡು ಕೊಲಂಬಿಯಾ ನದಿಯ ಬಾನವಿಲ್ ಅಣೆಕಟ್ಟು ನೋಡಲು ಹೋಗಿದ್ದೆ. ಗಾಜಿನ ಕಿಟಕಿಯಾಚೆ ದೊಡ್ಡ ಸಾಲ್ಮನ್‌ ಮೀನುಗಳು ಮೊಟ್ಟೆಯಿಡಲು ನದಿಯ ಮೇಲಕ್ಕೆ ಈಜುತ್ತಿದ್ದವು.

‘ಅಪ್ಪಾ, ಮರಿಗಳು ಸಮುದ್ರಕ್ಕೆ ಹೇಗೆ ಹೋಗ್ತವೆ?’ ಅಂದಳು. ನನಗೆ ಉತ್ತರ ಗೊತ್ತಿರಲಿಲ್ಲ.

ಮನೆಗೆ ಬಂದು ಓದಿದೆ. ಮರಿಗಳು ಸೆಳವಿನ ಜೊತೆ ಇಳಿಯುತ್ತವೆ. ಕೆಲವು ಟರ್ಬೈನಿನೊಳಗೇ ನುಗ್ಗುತ್ತವೆ. ಅಲ್ಲಿ ಅಲಗಿನ ಏಟು ಮಾತ್ರವಲ್ಲ, ನೀರಿನ ಒತ್ತಡ ಥಟ್ಟನೆ ಕುಸಿದು ಮರಿಯ ಹೊಟ್ಟೆಯೊಳಗಿನ ಗಾಳಿಚೀಲ ಉಬ್ಬಿ ಒಡೆಯಬಹುದು. ಅದಕ್ಕೇ ವಲಸೆಯ ಕಾಲದಲ್ಲಿ ಟರ್ಬೈನಿನ ದಕ್ಷತೆ ಗರಿಷ್ಠ ಮಟ್ಟದಿಂದ ಶೇ. 1ಕ್ಕಿಂತ ಹೆಚ್ಚು ಇಳಿಯದ ಹಾಗೆ ಓಡಿಸಲು ನೋಡುತ್ತಾರೆ. ಒಂದಷ್ಟು ನೀರನ್ನು ಕರೆಂಟ್ ಮಾಡದೆ ಗೇಟಿನಿಂದಲೇ ಬಿಡುತ್ತಾರೆ.

ಉಪನದಿ ಸ್ನೇಕ್‌ನ ಮೇಲ್ಭಾಗದಲ್ಲಿ ಹುಟ್ಟಿದ ಮರಿ ಕಡಲು ಸೇರಲು 8 ಅಣೆಕಟ್ಟು ದಾಟಬೇಕು. ಒಂದೊಂದರಲ್ಲೂ ನೂರಕ್ಕೆ 95 ಬದುಕಿದವು ಅಂದುಕೊಳ್ಳಿ. ಕೊನೆಗೆ ಉಳಿಯುವುದು ಸುಮಾರು 66 ಮಾತ್ರ! ಪ್ರತಿ ಅಣೆಕಟ್ಟಿನಲ್ಲೂ ಒಂದೆರಡು ಮರಿ ಹೆಚ್ಚು ಉಳಿದರೂ ಲೆಕ್ಕ ಎಷ್ಟು ಬದಲಾಗುತ್ತೆ ನೋಡಿ.

ವಸಂತದಲ್ಲಿ ಮತ್ತೆ ಹೋದೆವು. ಗೇಟಿನಿಂದ ನೊರೆನೊರೆಯಾಗಿ ನೀರು ಧುಮುಕುತ್ತಿತ್ತು. ಮಗಳು ಅತ್ತ ಕೈ ತೋರಿಸಿ, ‘ಮರಿಗಳ ದಾರಿ ಅದೇ ಅಲ್ವಾ?’ ಅಂದಳು.

ಆ ನೀರನ್ನು ‘ವೇಸ್ಟ್’ ಅನ್ನಲು ನನಗೆ ಬಾಯಿ ಬರಲಿಲ್ಲ.